ಹಾಸ್ಟೆಲ್ ಬಾಗಿಲ ಜೊತೆ ಇನ್ನೇನು ಮುಚ್ಚುತ್ತೆ?

ನಮ್ಮೂರು ಸವಣೂರು ತಾಲ್ಲೂಕಿನ ಹತ್ತಿಮತ್ತೂರು. 2020ರ ಲಾಕ್‌ಡೌನ್‌ನಲ್ಲಿ ಊರಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. "ಅಣ್ಣಾ, ಕ್ಲಾಸ್ ಕೇಳಾಕ ಮಾಳಿಗಿ ಏರಬೇಕ್ರಿ. ಅದೂ ಹೋಗ್ಲಿ, ತಿಳೀಲಿಲ್ಲಂದ್ರ ಕೇಳಾಕ ಬಾಜೂ ರೂಮಿನ್ಯಾಗ ಯಾರೂ ಇಲ್ರಿ" ಅಂದ.

ಆ ಬಾಜೂ ರೂಮಿನ ಬಗ್ಗೆಯೇ ಇವತ್ತಿನ ಮಾತು.

ಅಮೆರಿಕದ ಕಾಲೇಜುಗಳಲ್ಲಿ ಫ್ರಾಟರ್ನಿಟಿ ಅಂತ ಇರುತ್ತೆ. ವಿದ್ಯಾರ್ಥಿಗಳ ಸಂಘ. ಒಂದೇ ಮನೆಯಲ್ಲಿ ವಾಸ, ಊಟ, ಪಾರ್ಟಿ, ಮುಂದೆ ಕೆಲಸ ಹುಡುಕುವಾಗ ಹಳಬರ ನೆರವು. 2020ರ ಜುಲೈನಲ್ಲಿ ಸಿಯಾಟಲ್‌ನ ಇಂಥ ಮನೆಗಳಲ್ಲಿ 100ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತ್ತು. ನಮ್ಮಲ್ಲಿ ಆ ಹೆಸರಿಲ್ಲ. ಆದರೆ ಆ ಕೆಲಸ ಮಾಡೋದು ನಮ್ಮ ಹಾಸ್ಟೆಲ್. ನನಗೆ ಎಂ-3 ಪಾಸಾಗಿದ್ದೇ ಸೀನಿಯರ್ ಒಬ್ಬರು ರಾತ್ರಿ ಕೂತು ಹೇಳಿಕೊಟ್ಟಿದ್ದರಿಂದ. ಡ್ರಾಫ್ಟರ್ ಕೊಟ್ಟವರೂ ಅವರೇ. ಮೊದಲ ಇಂಟರ್‌ವ್ಯೂಗೆ ಬೆಂಗಳೂರಿಗೆ ಹೋದಾಗ ಉಳಿದಿದ್ದೂ ಅವರ ರೂಮಿನಲ್ಲೇ.

ಹಾಗಾದ್ರೆ ಸೋಂಕಿಗೆ ಹಾಸ್ಟೆಲ್ ಅಂದ್ರೆ ಯಾಕಷ್ಟು ಪ್ರೀತಿ? ಲೆಕ್ಕ ನೋಡಿ. ಒಂದು ರೂಮಿನಲ್ಲಿ ಮೂರು ಜನ, ಅಂದ್ರೆ ಮೂರು ಜೋಡಿ. ಹತ್ತು ರೂಮಿನವರು ತಮ್ಮ ಪಾಡಿಗೆ ತಾವಿದ್ದರೆ 30 ಜೋಡಿ. ಅದೇ 30 ಜನ ಒಂದು ಹಾಲ್‌ನಲ್ಲಿ ಸೇರಿದರೆ? 435 ಜೋಡಿ! ರೋಗ ಓಡಾಡೋದು ಈ ದಾರಿಗಳಲ್ಲೇ.

ಧಾರವಾಡದ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಆಗಿದ್ದೂ ಇದೇ. 2021ರ ನವೆಂಬರ್ 17ರಂದು ಹೊಸಬರ ಸ್ವಾಗತ ಕಾರ್ಯಕ್ರಮ. 25ರಂದು 66 ಜನರಿಗೆ ಸೋಂಕು ಪತ್ತೆ. ಎರಡೇ ದಿನದಲ್ಲಿ ಸಂಖ್ಯೆ 281. ಹಾಸ್ಟೆಲ್‌ಗಳು ಸೀಲ್‌ಡೌನ್. ಹೆಚ್ಚಿನವರು ಎರಡೂ ಡೋಸ್ ಲಸಿಕೆ ಪಡೆದವರು. ಹಾಗಂತ ಲಸಿಕೆ ಸೋತಿತು ಅನ್ನಬೇಡಿ. ಬಹುತೇಕರಿಗೆ ಕಾಯಿಲೆ ತೀವ್ರವಾಗಲಿಲ್ಲವಲ್ಲ, ಅದೇ ಅದರ ಕೆಲಸ. ಸೋಂಕು ಹರಡೋದನ್ನು ಪೂರ್ತಿ ತಡೆಯೋ ಶಕ್ತಿ ಅದಕ್ಕಿಲ್ಲ.

ಸೋಂಕಿನ ಲೆಕ್ಕ ಬುಲೆಟಿನ್‌ನಲ್ಲಿ ಬರುತ್ತೆ. ಹಾಸ್ಟೆಲ್ ಮುಚ್ಚಿದಾಗ ಕಳೆದುಹೋಗಿದ್ದು ಯಾವ ಬುಲೆಟಿನ್‌ನಲ್ಲೂ ಬರಲಿಲ್ಲ. 2020ರ ಮಾರ್ಚ್‌ನಲ್ಲಿ ಮಕ್ಕಳು ಬ್ಯಾಗ್ ಹೊತ್ತು ಊರಿಗೆ ಬಂದರು. ಎಷ್ಟೋ ಸರ್ಕಾರಿ ಹಾಸ್ಟೆಲ್‌ಗಳು ಕ್ವಾರಂಟೈನ್ ಕೇಂದ್ರಗಳಾದವು. ಕಾಲೇಜು ಮತ್ತೆ ತೆರೆದಿದ್ದು ನವೆಂಬರ್ 17ಕ್ಕೆ. ಎರಡನೇ ಅಲೆಯಲ್ಲಿ ಮತ್ತೆ ಬಂದ್. ಸಿಟಿಯಲ್ಲಿ ಮನೆ ಇದ್ದವರಿಗೆ ಗೆಳೆಯರು ತಪ್ಪಿದರು, ಅಷ್ಟೇ. ಹಾನಗಲ್, ಶಿಗ್ಗಾವಿ, ಸವಣೂರಿನ ರೈತರ ಮಕ್ಕಳಿಗೆ ಮೂರು ಹೊತ್ತಿನ ಊಟ, ಓದೋ ಜಾಗ, ದಾರಿ ತೋರಿಸೋ ಸೀನಿಯರ್, ಎಲ್ಲಾ ಒಂದೇ ದಿನ ತಪ್ಪಿದವು.

ಹಾಗಂತ ಮುಚ್ಚಲೇಬಾರದಿತ್ತು ಅಂತ ನಾನು ಹೇಳಲ್ಲ. ಆದರೆ ಮುಚ್ಚೋದೊಂದೇ ಉಪಾಯ ಆಗಬಾರದು. ಕಿಟಕಿ ತೆಗೆದಿಡಿ. ಮೆಸ್‌ನಲ್ಲಿ ಸರದಿ ಮೇಲೆ ಊಟ ಹಾಕಿ. ಜ್ವರ ಬಂದವರಿಗೆ ಒಂದೆರಡು ರೂಮ್ ಬೇರೆ ಇಡಿ. ಸ್ವಾಗತ ಮಾಡ್ತೀರಾ? ಸಣ್ಣ ಗುಂಪಿನಲ್ಲಿ, ಬಯಲಲ್ಲಿ ಮಾಡಿ. ಮತ್ತೆ ಮುಚ್ಚಲೇಬೇಕಾಗಿ ಬಂದರೆ ಪ್ರತಿ ಜೂನಿಯರ್‌ಗೂ ಒಬ್ಬ ಸೀನಿಯರ್ ನಂಬರ್ ಕೊಟ್ಟು ಕಳಿಸಿ. ಇದಕ್ಕೆ ಯಾವ ಬಜೆಟ್ಟೂ ಬೇಕಿಲ್ಲ.

ಆ ಹುಡುಗ ಆಮೇಲೆ ಕೊನೇ ವರ್ಷಕ್ಕೆ ಬಂದ. ಆಗ ಮತ್ತೆ ಫೋನ್ ಮಾಡಿದ್ದ. "ಅಣ್ಣಾ, ನನ್ನ ಡ್ರಾಫ್ಟರ್ ಜೂನಿಯರ್‌ಗೆ ಕೊಡಬೇಕಂತ ತಂದೀನ್ರಿ. ಯಾರಿಗೆ ಕೊಡ್ಲಿ? ಒಬ್ಬರ ಪರಿಚಯಾನೂ ಇಲ್ಲ."

ಮೊದಲು ಬಾಜೂ ರೂಮಿನ ಬಾಗಿಲು ಬಡಿ ತಮ್ಮಾ ಅಂದೆ. ಮಾಸ್ಕ್ ಹಾಕ್ಕೊಂಡೇ ಹೋಗು ಅಂತಲೂ ಹೇಳಿದೆ.