ಬೈಲಹೊಂಗಲದ ಮನೆಗೆ ನಾಲ್ಕು ಕ್ಯಾಮೆರಾ

ಬೈಲಹೊಂಗಲದ ಮದ್ರಸಕ್ಕೆ ನಾನು ಬಂದು ಹನ್ನೊಂದು ವರ್ಷ ಆಯಿತು. ಇಲ್ಲಿ ನನ್ನನ್ನು ಎಲ್ಲರೂ ಕರೆಯುವುದು "ಹಜರತ್" ಅಂತ. "ಉಸ್ತಾದ್" ಅನ್ನುವ ಮಾತು ಕೇಳಬೇಕಾದರೆ ಊರಿಗೇ ಬರಬೇಕು. ಮದ್ರಸಕ್ಕೆ ಸಿಸಿ ಕ್ಯಾಮೆರಾ ಹಾಕುವಾಗ ನಾನು ಎರಡು ದಿನ ಫಿಟ್ಟರ್ ಹುಡುಗನ ಜೊತೆಗೇ ನಿಂತು ಎಲ್ಲ ಕೇಳಿ ತಿಳಿದುಕೊಂಡಿದ್ದೆ. ಅದೇ ತಪ್ಪಾಯಿತು ನೋಡಿ, ಈಗ ಮೊಹಲ್ಲಾದಲ್ಲಿ ಯಾರ ಮನೆಗೆ ಕ್ಯಾಮೆರಾ ಹಾಕುವುದಿದ್ದರೂ ಮೊದಲು ನನ್ನನ್ನೇ ಕರೆಯುತ್ತಾರೆ.

ಬಕ್ರೀದ್‌ಗೆ ಹತ್ತು ದಿನ ಇರುವಾಗ ನಮ್ಮ ಓಣಿಯ ಒಬ್ಬರು ಖಾಲಾ ಅವರ ಹಿತ್ತಲಿನಿಂದ ಎರಡು ಆಡು ಕಳವಾದವು. ಅವರ ಇಬ್ಬರು ಗಂಡು ಮಕ್ಕಳೂ ದುಬೈಯಲ್ಲಿ. ಮನೆಯಲ್ಲಿ ಇರುವುದು ಖಾಲಾ, ದೊಡ್ಡ ಸೊಸೆ, ಮೂರು ಮಕ್ಕಳು. ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ನೋಡಿದರೆ ನಾಲ್ಕು ನಲವತ್ತಕ್ಕೆ ಒಂದು ಟೆಂಪೊ ಬಂದು ನಿಂತು ಹೋಗಿದೆ. ಆ ಹೊತ್ತಿಗೆ ಓಣಿಗೆ ಬರುವವ ಒಬ್ಬನೇ, ಹಾಲಿನ ಹುಡುಗ. ಅವನೇ ಸುಳಿವು ಕೊಟ್ಟಿರಬೇಕು ಅಂತ ಮಾತು ಹಬ್ಬಿತು. ಪಾಪ, ನಾಲ್ಕು ದಿನ ಅವನ ಹಾಲನ್ನು ಯಾರೂ ತೆಗೆದುಕೊಳ್ಳಲಿಲ್ಲ.

ನಾಲ್ಕನೇ ದಿನ ನಾನು ಕುಳಿತು ಅದೇ ವಿಡಿಯೊ ಮುಂದೆ ಓಡಿಸಿ ನೋಡಿದೆ. ಜನ ಸುಬಹ್ ನಮಾಝಿಗೆ ಹೋಗುತ್ತಿದ್ದಾರೆ, ಮೂಲೆಯಲ್ಲಿ ಸಮಯ ಏಳು ಇಪ್ಪತ್ತು! ಏಳು ಇಪ್ಪತ್ತಕ್ಕೆ ಕತ್ತಲೆ ಇರುತ್ತದೆಯೇ? ಅಂಗಡಿಯ ಪೆಟ್ಟಿಗೆ ಚೀನಾದ ಸಮಯದಲ್ಲೇ ಓಡುತ್ತಿತ್ತು, ನಮಗಿಂತ ಎರಡೂವರೆ ಗಂಟೆ ಮುಂದೆ. ಅಂದರೆ ಟೆಂಪೊ ಬಂದದ್ದು ರಾತ್ರಿ ಎರಡು ಹತ್ತಕ್ಕೆ. ಹಾಲಿನ ಹುಡುಗ ಆಗ ಮನೆಯಲ್ಲಿ ಮಲಗಿದ್ದ. ಗಾಡಿಯ ನಂಬರ್ ಸಿಗುತ್ತದೋ ಅಂತ ಬಜಾರಿನ ಬೇರೆ ಎರಡು ಅಂಗಡಿಗೆ ಓಡಿದೆವು. ಅಲ್ಲಿ ಹಾರ್ಡ್ ಡಿಸ್ಕ್ ಚಿಕ್ಕದು, ಮೂರೇ ದಿನಕ್ಕೆ ಹಳೆಯದು ಅಳಿಸಿ ಹೊಸದು ಬರೆದುಕೊಂಡಿತ್ತು. ಆಡೂ ಇಲ್ಲ, ಕಳ್ಳನೂ ಇಲ್ಲ.

ಇದಾದ ಮೇಲೆ ದುಬೈಯಿಂದ ಹಣ ಬಂತು, ವಾಟ್ಸ್ಆ್ಯಪ್‌ನಲ್ಲಿ ಪಟ್ಟಿಯೂ ಬಂತು. ಆರು ಕ್ಯಾಮೆರಾ: ಗೇಟು, ಹಿತ್ತಲು, ಮಾಳಿಗೆ, ಮೆಟ್ಟಿಲು, ಪಡಸಾಲೆ, ಅಡುಗೆಮನೆಯ ಬಾಗಿಲು.

ಪಟ್ಟಿ ಓದಿ ಹೇಳಿದಾಗ ಸೊಸೆ ಬಾಗಿಲ ಹಿಂದೆಯೇ ಇದ್ದಳು, ಏನೂ ಮಾತಾಡಲಿಲ್ಲ. ಖಾಲಾ ಮಾತ್ರ ಕೇಳಿಯೇಬಿಟ್ಟರು: "ಹಜರತ್, ಆಡು ಕದ್ದಾಂವ ಹೊರಗಿನಾಂವ. ಕ್ಯಾಮೆರಾ ಒಳಗ ಯಾಕ್ರಿ?"

ನಾನು ದೊಡ್ಡ ಮಗನಿಗೆ ಫೋನ್ ಮಾಡಿದೆ. ಅವನದೂ ಸುಳ್ಳು ಚಿಂತೆಯಲ್ಲ. ಅಮ್ಮಿಗೆ ಬಿ.ಪಿ. ಇದೆ, ಸೊಸೆ ಮಕ್ಕಳನ್ನು ಶಾಲೆಗೆ ಬಿಡಲು ಹೋದಾಗ ಬಿದ್ದರೆ ಗೊತ್ತಾಗುವುದು ಹೇಗೆ ಅಂದ. ನಮ್ಮ ಬಂಟ್ವಾಳ, ಉಪ್ಪಿನಂಗಡಿ ಕಡೆಯ ಎಷ್ಟು ಮನೆಗಳಲ್ಲಿ ಉಮ್ಮ ಒಬ್ಬರೇ ಇದ್ದು, ಮಕ್ಕಳು ಗಲ್ಫ್‌ನಲ್ಲಿ ಕುಳಿತು ಇದೇ ಚಿಂತೆ ಮಾಡುವುದಿಲ್ಲ? ಆದರೆ ಪಡಸಾಲೆಯ ಕ್ಯಾಮೆರಾವನ್ನು ತಮ್ಮನೂ ನೋಡುತ್ತಾನೆ. ಅವನ ರೂಮಿನಲ್ಲಿ ಇರುವವರು ಎಂಟು ಜನ, ಫೋನ್ ಟೇಬಲ್ ಮೇಲೆ ಬಿದ್ದಿರುತ್ತದೆ. ಮನೆಯ ಹೆಣ್ಣುಮಗಳು ತನ್ನ ಮನೆಯೊಳಗೇ ದಿನವಿಡೀ ದುಪ್ಪಟ್ಟಾ ಸರಿಮಾಡಿಕೊಳ್ಳುತ್ತಾ ಇರಬೇಕೇ? ಸುಬಹ್‌ಗೆ ಮೊದಲು, ಮಧ್ಯಾಹ್ನದ ವಿಶ್ರಾಂತಿಯ ಹೊತ್ತು, ಇಶಾದ ನಂತರ, ಈ ಮೂರು ಹೊತ್ತಿನಲ್ಲಿ ಮನೆಯ ಚಿಕ್ಕ ಮಕ್ಕಳು ಕೂಡ ಕೇಳಿಯೇ ಕೋಣೆಗೆ ಬರಬೇಕು ಅಂತ ಸೂರಃ ಅನ್ನೂರ್‌ನಲ್ಲಿದೆ. ಮದ್ರಸದಲ್ಲಿ ಮಕ್ಕಳಿಗೆ ನಾನೇ ಕಲಿಸುವ ಪಾಠ ಅದು. ಕ್ಯಾಮೆರಾ ಯಾವ ಹೊತ್ತಿನಲ್ಲೂ ಕೇಳಿ ಬರುವುದಿಲ್ಲ.

ಕಾನೂನಿನ ಮಾತೂ ಹೇಳಿದೆ. ಒಂದೇ ಮನೆಯಲ್ಲಿದ್ದ ಅಣ್ಣತಮ್ಮಂದಿರ ಜಗಳದಲ್ಲಿ, ಜೊತೆಗೆ ವಾಸ ಇರುವವರ ಒಪ್ಪಿಗೆ ಇಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ಇಡುವಂತಿಲ್ಲ ಅಂತ ಕಲ್ಕತ್ತಾ ಹೈಕೋರ್ಟ್ ಹೇಳಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ದೊಡ್ಡ ಮಗನ ಮನಸ್ಸು ತಿರುಗಿಸಿದ್ದು ಮಾತ್ರ ಕೋರ್ಟ್ ಅಲ್ಲ, ರಾಜಕೋಟದ ಸುದ್ದಿ. 2025ರ ಫೆಬ್ರವರಿಯಲ್ಲಿ ಗುಜರಾತಿನ ಆ ಊರಿನ ಒಂದು ಹೆರಿಗೆ ಆಸ್ಪತ್ರೆಯೊಳಗಿನ ಕ್ಯಾಮೆರಾದ ದೃಶ್ಯಗಳು ಇಂಟರ್ನೆಟ್‌ನಲ್ಲಿ ಮಾರಾಟಕ್ಕೆ ಬಂದಿದ್ದವು. ಹೆಂಗಸರನ್ನು ಪರೀಕ್ಷಿಸುವ ಕೋಣೆಯ ದೃಶ್ಯಗಳು. ಅದನ್ನು ಕೇಳಿ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಒಳಗಿನ ಎರಡೂ ಬೇಡ" ಅಂದ. ಖಾಲಾ ಮಲಗುವಲ್ಲಿ ಒಂದು ವೈರ್‌ಲೆಸ್ ಬೆಲ್ ಗುಂಡಿ ಇಟ್ಟು, ಅದರ ಸದ್ದು ಪಕ್ಕದ ಮನೆಯಲ್ಲಿ ಆಗುವ ಹಾಗೆ ಮಾಡಿದೆವು. ತಮ್ಮನಿಗೆ ಇದು ಅಷ್ಟಾಗಿ ಸರಿ ಬಂದಿಲ್ಲ, ಈಗಲೂ ಗೊಣಗುತ್ತಾನೆ.

ಇನ್ನು ಕೆಲಸದ ವಿಷಯ. ಇಲ್ಲಿಯ ಹಳೆಯ ಮನೆಗಳದ್ದು ಕಲ್ಲು ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ವೈಫೈ ಕ್ಯಾಮೆರಾ ಅಗ್ಗ, ವೈರ್ ಎಳೆಯುವ ಗೋಜಿಲ್ಲ ಅಂತ ತಂದವರು ಬಹಳ ಮಂದಿ. ರೂಟರ್ ಪಡಸಾಲೆಯಲ್ಲಿ, ಕ್ಯಾಮೆರಾ ಹಿತ್ತಲಿನಲ್ಲಿ. ನಡುವೆ ಅಂಥ ಎರಡು ಗೋಡೆ ಇದ್ದರೆ ಸಿಗ್ನಲ್ ಸತ್ತೇ ಹೋಗುತ್ತದೆ. ಆದ್ದರಿಂದ ಲ್ಯಾನ್ ವೈರ್ ಎಳೆಸಿದೆವು. ಪಿಒಇ ಅಂತ ಒಂದು ವ್ಯವಸ್ಥೆ ಇದೆ, ಅದೇ ವೈರ್‌ನಲ್ಲಿ ಚಿತ್ರವೂ ಕರೆಂಟೂ ಎರಡೂ ಹೋಗುತ್ತವೆ, ನೂರು ಮೀಟರ್ ತನಕ ತೊಂದರೆ ಇಲ್ಲ. ಎಲ್ಲ ವೈರ್ ಬಂದು ಸೇರುವ ಪೆಟ್ಟಿಗೆ ಎನ್‌ವಿಆರ್. ಅದನ್ನು ಪಡಸಾಲೆಯ ಟಿವಿ ಕೆಳಗೆ ಇಡಬೇಡಿ. ಕಳ್ಳ ಬಂದರೆ ಮೊದಲು ಹೊತ್ತುಕೊಂಡು ಹೋಗುವುದು ಅದನ್ನೇ. ಖಾಲಾ ಮನೆಯಲ್ಲಿ ಅಕ್ಕಿ ಡಬ್ಬಿಯ ಹಿಂದೆ ಗೂಡಿನಲ್ಲಿ ಇಟ್ಟಿದ್ದೇವೆ, ಗಾಳಿಯಾಡಲು ಜಾಗ ಬಿಟ್ಟು.

ಹಾರ್ಡ್ ಡಿಸ್ಕ್ ಲೆಕ್ಕ ಹೀಗೆ. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಸೆಕೆಂಡಿಗೆ 2 ಮೆಗಾಬಿಟ್‌ಗೆ ಇಟ್ಟರೆ ದಿನಕ್ಕೆ ಸುಮಾರು 21.6 ಜಿಬಿ ಬರೆಯುತ್ತದೆ. ನಾಲ್ಕಕ್ಕೆ 86. ಒಂದು ಟಿಬಿ ಹಾಕಿದರೆ ಹನ್ನೊಂದು ದಿನ, ಎರಡು ಟಿಬಿ ಹಾಕಿದರೆ ಮೂರು ವಾರ. ಅಂಗಡಿಯವರು ಉಳಿಸುವುದು ಇಲ್ಲೇ, ಕೇಳಿ ಹಾಕಿಸಿಕೊಳ್ಳಿ.

ದುಬೈಯಲ್ಲಿ ಕಾಣಬೇಕಾದರೆ ಮನೆಯಿಂದ ಚಿತ್ರ ಹೊರಗೆ ಹೋಗಬೇಕು, ಅಂದರೆ ಅಪ್‌ಲೋಡ್ ಸ್ಪೀಡ್ ಬೇಕು. ಎಲ್ಲರೂ ಡೌನ್‌ಲೋಡ್ ನೋಡಿ ಪ್ಲಾನ್ ತೆಗೆದುಕೊಳ್ಳುತ್ತಾರೆ! ಪೆಟ್ಟಿಗೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ್ಯಪ್‌ನಲ್ಲಿ ಬಂದುಬಿಡುತ್ತದೆ. ಸಬ್ ಸ್ಟ್ರೀಮ್ ಅನ್ನುವ ಸಣ್ಣ ಚಿತ್ರಕ್ಕೆ ಇಟ್ಟರೆ ಮೊಬೈಲ್ ಡೇಟಾದಲ್ಲೂ ನೋಡಬಹುದು. ಕರೆಂಟ್ ಹೋದಾಗ ಎನ್‌ವಿಆರ್ ಇನ್ವರ್ಟರ್ ಮೇಲೆ ನಡೆಯುತ್ತಿರುತ್ತದೆ, ರೂಟರ್ ಮಾತ್ರ ಆರಿಹೋಗುತ್ತದೆ. ರೂಟರ್‌ಗೂ ಒಂದು ಚಿಕ್ಕ ಯುಪಿಎಸ್ ಇಟ್ಟಿರಿ.

ಪಾಸ್‌ವರ್ಡ್ ಬಗ್ಗೆ ಮಾತ್ರ ನಾನು ಜಗಳವನ್ನೇ ಮಾಡುತ್ತೇನೆ. ಫಿಟ್ಟರ್ ಹುಡುಗರು ಎಲ್ಲ ಮನೆಗೂ ಒಂದೇ ಪಾಸ್‌ವರ್ಡ್ ಇಡುತ್ತಾರೆ, ಅಕೌಂಟನ್ನೂ ತಮ್ಮದೇ ಮೊಬೈಲ್ ನಂಬರಿನಲ್ಲಿ ಮಾಡುತ್ತಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ಮುಂದೆ ರಿಪೇರಿಗೆ ಸುಲಭ ಆಗಲಿ ಅಂತ. ಆದರೆ ಆ ಫೋನ್ ಕಳೆದುಹೋದರೆ? 2016ರಲ್ಲಿ ಮಿರಾಯ್ ಅನ್ನುವ ವೈರಸ್ ಫ್ಯಾಕ್ಟರಿಯ ಪಾಸ್‌ವರ್ಡ್‌ಗಳನ್ನೇ ಒಂದೊಂದಾಗಿ ಹಾಕಿ ನೋಡಿ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್‌ಗಳನ್ನು ಹಿಡಿದಿತ್ತು. ಅಮೆರಿಕದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟುಗಳೇ ಆ ದಿನ ನಿಂತುಹೋಗಿದ್ದವು. ನಮ್ಮ ಸರ್ಕಾರವೂ 2025ರ ಏಪ್ರಿಲ್‌ನಿಂದ ಸುರಕ್ಷತೆಯ ಪರೀಕ್ಷೆ ಆದ ಕ್ಯಾಮೆರಾಗಳನ್ನೇ ಮಾರಬೇಕು ಅಂತ ನಿಯಮ ಮಾಡಿದೆ. ಕೊಳ್ಳುವಾಗ ಎಸ್‌ಟಿಕ್ಯೂಸಿ ಸರ್ಟಿಫಿಕೇಟ್ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಖಾಲಾ ಮನೆಯಲ್ಲಿ ಅಕೌಂಟ್ ಸೊಸೆಯ ನಂಬರಿನಲ್ಲಿ ಆಯಿತು. ಮಕ್ಕಳಿಬ್ಬರಿಗೂ ನೋಡುವುದಕ್ಕೆ ಮಾತ್ರ ಹಂಚಿಕೊಟ್ಟದ್ದು. ಬೇಡ ಅನಿಸಿದ ದಿನ ಅವಳು ತೆಗೆಯಬಹುದು.

ಕ್ಯಾಮೆರಾವನ್ನು ಒಂಬತ್ತು ಹತ್ತು ಅಡಿಗಿಂತ ಮೇಲೆ ಏರಿಸಬೇಡಿ, ತಲೆ ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ. ರಾತ್ರಿ ಅದರ ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಬಲೆ ಕಟ್ಟಿದರೆ ಬರೀ ಬಿಳಿ ಪರದೆ. ಹದಿನೈದು ದಿನಕ್ಕೊಮ್ಮೆ ಪೊರಕೆ ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿದರೆ ಸಾಕು.

ಗೇಟಿನ ಕ್ಯಾಮೆರಾ ಹಾಕಿದ ಮರುದಿನವೇ ಎದುರುಮನೆಯವರು ಬಂದರು. "ನಮ್ಮ ಬಾಗಲಾ ಪೂರಾ ನಿಮ್ಮ ಟೀವ್ಯಾಗ ಕಾಣ್ತೈತಂತಲ್ರಿ?" ಅವರು ಕೇಳಿದ್ದು ನ್ಯಾಯವೇ. ಪ್ರೈವೆಸಿ ಮಾಸ್ಕ್ ಅಂತ ಸೆಟ್ಟಿಂಗ್ ಇದೆ, ಆ ಬಾಗಿಲಿನ ಜಾಗಕ್ಕೆ ಕಪ್ಪು ಚೌಕ ಎಳೆದೆವು. ಅವರನ್ನೇ ಒಳಗೆ ಕರೆದು ತೋರಿಸಿ, ಚಹಾ ಕೊಟ್ಟು ಕಳಿಸಿದರು ಖಾಲಾ.

ಸಮಯವನ್ನು ನಾನೇ ನಿಂತು ಭಾರತದ್ದಕ್ಕೆ ಇಡಿಸಿದ್ದೇನೆ. ಎದುರಿನ ಅಂಗಡಿಯದ್ದನ್ನೂ ಸರಿ ಮಾಡಿಸಿದೆ. ಹಾಲಿನ ಹುಡುಗ ಮತ್ತೆ ಬರುತ್ತಿದ್ದಾನೆ, ಆದರೆ ಎರಡು ಮನೆಗೆ ಅವನೇ ಹಾಲು ಹಾಕುವುದನ್ನು ಬಿಟ್ಟುಬಿಟ್ಟ. ಖಾಲಾ ಮನೆಗೆ ಬರುವಾಗ ಮಾತ್ರ ಗೇಟಿನ ಹತ್ತಿರ ನಿಂತು ಕ್ಯಾಮೆರಾಕ್ಕೆ ಒಂದು ಸಲಾಂ ಹೊಡೆದೇ ಒಳಗೆ ಹೋಗುತ್ತಾನೆ.