ನೆರೆಮನೆಯೆಂಬ ವ್ರತಕ್ಷೇತ್ರ

ಅರಳಸುರಳಿಯ ಸುತ್ತಿನ ಹಳ್ಳಿಗಳಲ್ಲಿ ಮನೆಗಳು ಒಂದಕ್ಕೊಂದು ತಾಗಿಕೊಂಡಿರುವುದಿಲ್ಲ. ಒಂದು ಮನೆ, ಅದರ ಕೆಳಗೆ ಅಡಕೆ ತೋಟ, ಆಮೇಲೆ ಗದ್ದೆ, ನಡುವೆ ಹಳ್ಳ. ಆಚೆಯ ದರೆಯ ಮೇಲೆ ಮತ್ತೊಂದು ಮನೆ. ಇಲ್ಲಿಯ ‘ಪಕ್ಕದ ಮನೆ’ಗೆ ಹೋಗಲು ಕೆಲವೊಮ್ಮೆ ಕಾಲು ಗಂಟೆ ನಡೆಯಬೇಕು. ಆದರೂ ನಮ್ಮ ಹಿರಿಯರಿಗೆ ನೆರೆಹೊರೆಯ ಕೊರತೆ ಇರಲಿಲ್ಲ. ಮಳೆಗಾಲಕ್ಕೆ ಮೊದಲು ಹಳ್ಳಕ್ಕೆ ಕಾಲುಸಂಕ ಹಾಕುವುದು ಎರಡೂ ದಡದವರ ಕೆಲಸವಾಗಿತ್ತು. ನಾಟಿಗೆ ಮುಯ್ಯಾಳು, ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ರಸ್ತೆಯಿಲ್ಲದ ಕಾಲದಲ್ಲಿ ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಸಾಗಿಸಲು ಹೆಗಲುಗಳು ಬೇಕಿದ್ದವು. ಕೂಗು ಹಾಕಿದರೆ ಅವು ಬರುತ್ತಿದ್ದವು.

ಹಾಗೆಂದು ಹಳ್ಳಿಯ ನೆರೆಯನ್ನು ಸ್ವರ್ಗವೆಂದು ಬಣ್ಣಿಸುವುದು ಸರಿಯಲ್ಲ. ಬೇಲಿಯ ವ್ಯಾಜ್ಯ, ನೀರಿನ ಸರದಿಯ ಜಗಳ ಎಲ್ಲೆಡೆ ಇದ್ದವು. ಹೆಗಲು ಕೊಟ್ಟವರಲ್ಲೇ ಕೆಲವರು ಅಂಗಳದಿಂದ ಮೇಲೆ ಬರುವಂತಿರಲಿಲ್ಲ. ನೆರೆಹೊರೆ ಉಳಿದಿದ್ದುದು ಎಲ್ಲರೂ ಸಜ್ಜನರಾಗಿದ್ದುದರಿಂದಲ್ಲ, ಒಬ್ಬರಿಲ್ಲದೆ ಇನ್ನೊಬ್ಬರಿಗೆ ಬದುಕು ಸಾಗದಿದ್ದುದರಿಂದ.

ನಮ್ಮ ಸೀಮೆಯ ಮಕ್ಕಳು ಈಗ ಶಿವಮೊಗ್ಗದಲ್ಲಿ, ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ಅಲ್ಲಿ ಎರಡು ಮನೆಗಳ ನಡುವೆ ಹಳ್ಳವಿಲ್ಲ, ಒಂದೇ ಗೋಡೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯ ಪ್ರಕಾರ ಮೆಟ್ಟಿಲು, ಮಾಳಿಗೆ, ಅಡಿಯ ನೆಲ ಇವೆಲ್ಲದರಲ್ಲಿ ಪ್ರತಿಯೊಬ್ಬ ಮಾಲೀಕನಿಗೂ ಅವಿಭಾಜ್ಯವಾದ ಪಾಲಿದೆ. ಆಸ್ತಿ ಹಿಸ್ಸೆಯಾದ ಮೇಲೆ ಅಣ್ಣತಮ್ಮಂದಿರ ನಡುವೆಯೂ ಇಷ್ಟು ನಿಕಟವಾದ ಸಂಬಂಧ ಉಳಿಯುವುದಿಲ್ಲ! ಆದರೂ ಎದುರು ಬಾಗಿಲಿನವರ ಹೆಸರು ತಿಳಿಯದೆ ವರ್ಷಗಳು ಕಳೆಯುತ್ತವೆ.

ಬೆಂಗಳೂರಿನಲ್ಲಿರುವ ನಮ್ಮ ಬಂಧುಗಳೊಬ್ಬರು ತಮ್ಮ ಕಟ್ಟಡದಲ್ಲಿ ನಡೆದುದನ್ನು ಹೇಳಿದರು. ಒಂಟಿಯಾಗಿದ್ದ ವೃದ್ಧೆಯೊಬ್ಬರ ಬಾಗಿಲಿನ ಚೀಲದಲ್ಲಿ ಎರಡು ದಿನದ ಹಾಲಿನ ಪೊಟ್ಟಣಗಳು ಹಾಗೆಯೇ ಇದ್ದವು. ಲಿಫ್ಟಿಗೆ ಹೋಗುವವರೆಲ್ಲರೂ ಆ ಬಾಗಿಲನ್ನು ದಾಟಿಯೇ ಹೋಗಬೇಕು. ಗಮನಿಸಿದವಳು ಮೆಟ್ಟಿಲು ಗುಡಿಸಲು ಬಂದ ಕಾವಲುಗಾರನ ಹೆಂಡತಿ. ಜ್ವರದಿಂದ ಏಳಲಾರದೆ ಮಲಗಿದ್ದ ಆ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದರು, ಚೇತರಿಸಿಕೊಂಡರು. ಆ ಕಟ್ಟಡದಲ್ಲಿ ಒಂದು ಅಡಿಯ ಪಾಲೂ ಇಲ್ಲದವಳೇ ಅಂದು ನೆರೆಯವಳಾದಳು.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಪ್ರತಿಯೊಂದು ದ್ರವ್ಯದ ಉಪಕಾರವನ್ನು ಹೇಳುತ್ತಾ ಹೋಗುತ್ತಾರೆ. ಧರ್ಮದ್ರವ್ಯವು ಚಲನೆಗೆ ನೆರವಾಗುತ್ತದೆ, ಅಧರ್ಮದ್ರವ್ಯವು ನಿಲುಗಡೆಗೆ. ಆಕಾಶವು ಎಲ್ಲಕ್ಕೂ ಇರಲು ಎಡೆ ಕೊಡುತ್ತದೆ. ಜೀವದ ಸರದಿ ಬಂದಾಗ, ಒಂದಕ್ಕೊಂದು ನೆರವಾಗುವುದೇ ಜೀವಗಳ ಉಪಕಾರವೆಂದು ಹೇಳುತ್ತಾರೆ. ಇದನ್ನು ವಿವರಿಸುವಾಗ ಪೂಜ್ಯಪಾದರು ಒಡೆಯ ಮತ್ತು ಸೇವಕ, ಗುರು ಮತ್ತು ಶಿಷ್ಯರ ಉದಾಹರಣೆ ಕೊಡುತ್ತಾರೆ. ಒಡೆಯ ವೇತನ ಕೊಡುತ್ತಾನೆ, ಸೇವಕ ದುಡಿಯುತ್ತಾನೆ. ಉಪಕಾರ ಎರಡು ಕಡೆಯಿಂದಲೂ ಹರಿಯುತ್ತದೆ. ಈ ಕ್ರಮದಲ್ಲಿ ನೋಡಿದರೆ ನಗರದ ಕಟ್ಟಡವು ಮಾಡುವುದು ಆಕಾಶದ್ರವ್ಯದ ಕೆಲಸ ಮಾತ್ರ. ಅದು ನೂರು ಸಂಸಾರಗಳಿಗೆ ಎಡೆ ಕೊಟ್ಟಿದೆ. ಜೀವಗಳ ಪಾಲಿನ ಕೆಲಸ ಹಾಗೆಯೇ ಉಳಿದಿದೆ.

ನಗರದಲ್ಲಿ ಆ ಕೆಲಸವೇಕೆ ನಿಂತಿತು? ಅಲ್ಲಿ ಮುಯ್ಯಾಳಿನ ಅಗತ್ಯವಿಲ್ಲ; ಹಣ ಕೊಟ್ಟರೆ ಎಲ್ಲವೂ ಬಾಗಿಲಿಗೆ ಬರುತ್ತದೆ. ಒಂದೇ ನಲ್ಲಿಯ ಸುತ್ತ ಬದುಕುತ್ತಿದ್ದ ಹಳೆಯ ವಠಾರಗಳಲ್ಲಿ ಅಗತ್ಯವೇ ಜನರನ್ನು ಕಟ್ಟಿಹಾಕಿತ್ತು. 2020ರ ಲಾಕ್‌ಡೌನ್ ದಿನಗಳಲ್ಲಿ ಅದೇ ಅಗತ್ಯ ಮರಳಿ ಬಂದಾಗ ಎಷ್ಟೋ ಕಟ್ಟಡಗಳಲ್ಲಿ ನೆರೆಯವರು ಪರಸ್ಪರ ಪರಿಚಿತರಾದರು. ಅದು ಕಳೆದೊಡನೆ ಬಾಗಿಲುಗಳು ಮುಚ್ಚಿಕೊಂಡವು. ಅಗತ್ಯ ಮಾಡಿಸುತ್ತಿದ್ದುದನ್ನು ಇನ್ನು ವ್ರತವೇ ಮಾಡಿಸಬೇಕು. ಶ್ರಾವಕನ ಹನ್ನೆರಡು ವ್ರತಗಳು ನಗರವಾಸಕ್ಕೆ ಎಷ್ಟು ಹೊಂದುತ್ತವೆ ಎಂಬುದನ್ನು ನಾವು ಸಾಕಷ್ಟು ಯೋಚಿಸಿಲ್ಲವೆಂದೇ ನನಗೆ ತೋರುತ್ತದೆ.

ಸತ್ಯಾಣುವ್ರತವನ್ನೇ ನೋಡಿ. ಅದರ ಐದು ಅತಿಚಾರಗಳಲ್ಲಿ ಎರಡು ಸುಳ್ಳಿಗೆ ಸಂಬಂಧಿಸಿದವಲ್ಲ. ಪರರ ಏಕಾಂತದ ಸಂಗತಿಯನ್ನು ಹೊರಗೆಡಹುವುದು ರಹೋಭ್ಯಾಖ್ಯಾನ. ಮುಖಭಾವ, ಚಲನವಲನಗಳಿಂದ ಊಹಿಸಿದ ಗುಟ್ಟನ್ನು ಹರಡುವುದು ಸಾಕಾರಮಂತ್ರಭೇದ. ಹೇಳಿದ್ದು ನಿಜವಾಗಿದ್ದರೂ ವ್ರತಕ್ಕೆ ಭಂಗ ಬರುತ್ತದೆ. ಮೇಲಿನ ಮನೆಗೆ ರಾತ್ರಿ ಯಾರು ಬಂದರು, ಯಾರ ಸೊಸೆ ತವರಿಗೆ ಹೋದಳು ಎಂಬುದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುತ್ತುವುದನ್ನು ಕಂಡವರಿಗೆ ಈ ಹೆಸರುಗಳು ಹಳತೆನಿಸಲಾರವು. ಹಾಲಿನ ಪೊಟ್ಟಣವನ್ನು ಗಮನಿಸುವ ಕಣ್ಣು ಬೇಕು. ಕಂಡದ್ದನ್ನು ಊರಿಗೆ ಹೇಳದ ನಾಲಿಗೆಯೂ ಬೇಕು. ಹಳ್ಳಿಯಲ್ಲಿ ನಮಗೆ ಮೊದಲನೆಯದು ಧಾರಾಳವಾಗಿತ್ತು, ಎರಡನೆಯದು ಅಷ್ಟಿರಲಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾದ ಉಪಗೂಹನದಲ್ಲಿ ಪರರ ದೋಷವನ್ನು ಮುಚ್ಚುವ ಗುಣವನ್ನು ಹೇಳಿರುವುದು ಸುಮ್ಮನೆ ಅಲ್ಲ.

ವಾತ್ಸಲ್ಯದ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಸಹಧರ್ಮಿಗಳಲ್ಲಿ ಹಸುವಿಗೆ ಕರುವಿನ ಮೇಲಿರುವಂತಹ ಪ್ರೀತಿ ಇರಬೇಕೆಂಬ ಬೋಧೆಯನ್ನು ನೆಪವಾಗಿಸಿ, ನಗರದ ನಮ್ಮ ಜನ ಭಾನುವಾರ ದೂರದ ಬಸದಿಯಲ್ಲಿ ಸೇರುವುದಷ್ಟನ್ನೇ ಸಮುದಾಯವೆಂದು ತಿಳಿದಂತಿದೆ. ಆದರೆ ಅದೇ ತತ್ತ್ವಾರ್ಥಸೂತ್ರವು ಮೈತ್ರಿಯನ್ನು ಹೇಳುವಾಗ ಸಕಲ ಜೀವಿಗಳನ್ನೂ ಒಳಗೊಳ್ಳುತ್ತದೆ. ಗುಣಾಧಿಕರಲ್ಲಿ ಪ್ರಮೋದ, ದುಃಖಿತರಲ್ಲಿ ಕಾರುಣ್ಯ, ಹೇಳಿದರೂ ಕೇಳದವರಲ್ಲಿ ಮಾಧ್ಯಸ್ಥ್ಯ. ನಮ್ಮ ಜಾಗದಲ್ಲಿ ಕಾರು ನಿಲ್ಲಿಸಿ ಜಗಳಕ್ಕೆ ಬರುವವರಿಗೂ ಆಚಾರ್ಯರು ಒಂದು ಸ್ಥಾನ ಕೊಟ್ಟಿದ್ದಾರೆ! ಅವರಲ್ಲಿ ದ್ವೇಷವೂ ಬೇಡ, ಬಲವಂತದ ಸ್ನೇಹವೂ ಬೇಡ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ನಗರದಲ್ಲಿ ಹೆಚ್ಚು ದುರ್ಲಭವಾದುದು ಅಭಯ. ಒಂಟಿಯಾಗಿರುವ ವೃದ್ಧರಿಗೆ ‘ರಾತ್ರಿ ಎಷ್ಟು ಹೊತ್ತಾದರೂ ನಮ್ಮ ಬಾಗಿಲು ತಟ್ಟಿ’ ಎಂದು ಹೇಳಿ ಬರುವುದಕ್ಕೆ ಖರ್ಚಿಲ್ಲ. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿ ಬಂದಾಗ ನಾವು ನೂರಾರು ಮಂದಿಗೆ ಮೊಬೈಲಿನಲ್ಲಿ ಕ್ಷಮೆಯ ಸಂದೇಶ ಕಳಿಸುತ್ತೇವೆ. ನಾನು ಹೇಳಿದ ಆ ಬಂಧುಗಳು ಕಳೆದ ವರ್ಷ ಮೊಬೈಲನ್ನು ಬದಿಗಿಟ್ಟು ತಮ್ಮ ಮಹಡಿಯ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿದರಂತೆ. ಇಬ್ಬರು ಕೈಮುಗಿದು ಕಳಿಸಿಕೊಟ್ಟರು. ಮೂರನೆಯ ಬಾಗಿಲಿನವರು ಬೆರಗಾಗಿ, ‘ನಮಗೆ ನಿಮ್ಮ ಪರಿಚಯವೇ ಇಲ್ಲವಲ್ಲ, ಯಾವ ತಪ್ಪಿಗೆ ಕ್ಷಮೆ?’ ಎಂದು ಕೇಳಿದರು. ಅದನ್ನು ವಿವರಿಸಲು ಒಳಗೆ ಹೋಗಿ ಕೂರಬೇಕಾಯಿತು.