ಡೇರೆಯ ಸಂಸಾರಕ್ಕೆ ಬೇಕಾದುದು

ಹೆಂಡತಿ ಮಕ್ಕಳೊಡನೆ ಮೊದಲ ಸಲ ಡೇರೆ ಹೂಡಿ ಬಯಲಿನಲ್ಲಿ ಇರುಳು ಕಳೆಯಬೇಕೆಂದರೆ ಏನೇನು ಒಯ್ಯಬೇಕು? ಸಿರಿಗೆರೆ ಸೀಮೆಯವನಾದ ನನಗೆ ಈ ಪ್ರಶ್ನೆ ಹೊಸದಾಗಿ ತೋರುವುದಿಲ್ಲ. ನಮ್ಮ ಜಿಲ್ಲೆಯ ಕುಟುಂಬಗಳು ಹಿಂದೆ ಫಾಲ್ಗುಣದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿಗೆ ಗಾಡಿ ಕಟ್ಟಿಕೊಂಡು ಹೋಗಿ ಬಯಲಿನಲ್ಲೇ ಬಿಡಾರ ಹೂಡುತ್ತಿದ್ದುವು. ಗಾಡಿಯ ಕಮಾನೇ ಸೂರು. ಅದರೊಳಗೆ ನೀರಿನ ಕೊಡ, ಕಂಬಳಿ, ಬುತ್ತಿ, ಲಾಟೀನು. ಇಂದಿನ ಪಟ್ಟಿಯೂ ಹೆಚ್ಚುಕಡಿಮೆ ಇಷ್ಟೇ.

ಮೊದಲನೆಯದು ನೀರು. ನಮ್ಮ ಒಣಸೀಮೆಯಲ್ಲಿ ಕುಡಿಯಲು, ಅಡಿಗೆಗೆ ತಲೆಗೆ ದಿನಕ್ಕೆ 4 ಲೀಟರಾದರೂ ಬೇಕು. ಎರಡನೆಯದು ಹಾಸು. ಬೆಳಗಿನ ಜಾವದಲ್ಲಿ ಮೈಯ ಬಿಸಿಯನ್ನು ನೆಲ ಹೀರುತ್ತದೆ. ಎರಡು ಕಂಬಳಿಗಳಿದ್ದರೆ ಒಂದು ಕೆಳಗಿರಲಿ. ಡೇರೆಯಡಿಯ ತಾಡಪತ್ರಿ ಅಂಚಿನಿಂದ ಹೊರಚಾಚಬಾರದು. ಚಾಚಿದರೆ ಮಳೆನೀರು ಅದರ ಮೇಲಿಳಿದು ಹಾಸಿಗೆಯಡಿ ಸೇರುತ್ತದೆ. ಮೂರನೆಯದು ಗೂಟ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆ ಅಲ್ಲ. ಕಲ್ಲುನೆಲಕ್ಕೆ ತೆಳುಗೂಟ ಇಳಿಯದು. ಗಟ್ಟಿ ಕಬ್ಬಿಣದ ಗೂಟ, ಸುತ್ತಿಗೆ, ಮಿಗಿಲಾಗಿ ಒಂದು ಹಗ್ಗ ಇರಲಿ.

ಒಂದು ವಿಷಯದಲ್ಲಿ ಮಾತ್ರ ಗಾಡಿಗೂ ಡೇರೆಗೂ ಅಜಗಜಾಂತರ. ಕಮಾನಿನ ಬಾಯಿ ತೆರೆದಿರುತ್ತಿತ್ತು. ಡೇರೆಯನ್ನು ನಾವು ಮುಚ್ಚಿಕೊಳ್ಳುತ್ತೇವೆ. ಮಕ್ಕಳಿಗೆ ಚಳಿಯೆಂದು ಒಳಗೆ ಕೆಂಡವನ್ನಾಗಲಿ ಒಲೆಯನ್ನಾಗಲಿ ಇಡಲೇಕೂಡದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಎಚ್ಚರಿಸದೆಯೇ ಕೊಲ್ಲುತ್ತದೆ. ಬೆಂಕಿ ಹೊರಗೆ, ಬ್ಯಾಟರಿ ದೀಪ ಒಳಗೆ, ಗಾಳಿಯಾಡಲು ತೆರೆದ ಕಿಂಡಿ: ಉಳಿದುದೆಲ್ಲ ಮರೆತರೂ ಇದನ್ನು ಮರೆಯದಿರಿ.